ಆನೆಕಾಲು: ಗುಳಿಗೆ ಮುಗಿದ ಮೇಲೂ ಉಳಿಯೋ ಕೆಲಸ

ತಾಂಡವಪುರದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಲಿಂಫೆಡಿಮಾ. ಅಂದ್ರೆ, ದುಗ್ಧರಸ ಹರಿಯೋ ನಾಳಗಳು ಕೆಟ್ಟು ಕೈಯೋ ಕಾಲೋ ಊದಿಕೊಳ್ಳೋದು. ನಮ್ಮ ಜನಕ್ಕೆ ಗೊತ್ತಿರೋದು ಆನೆಕಾಲು. ಸ್ತನ ಕ್ಯಾನ್ಸರ್‌ಗೆ ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈಗೂ ಬರಬಹುದು.

ಸೊಳ್ಳೆಯಿಂದ ಬರೋ ಆನೆಕಾಲಿಗೆ ಕೊಡೋ ಗುಳಿಗೆ ಹುಳುವಿನ ಮೇಲೆ ಕೆಲಸ ಮಾಡುತ್ತೆ, ಕೆಟ್ಟ ನಾಳವನ್ನು ಸರಿ ಮಾಡಲ್ಲ. ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್.ಆರ್. ನರಹರಿ ಅವರ ತಂಡ ಕಾಲು ತೊಳೆಯೋದು, ಆಯುರ್ವೇದದ ಎಣ್ಣೆ ಹಚ್ಚಿ ನೀವೋದು, ಯೋಗ, ಬಿಗಿ ಬ್ಯಾಂಡೇಜ್ ಎಲ್ಲ ಸೇರಿಸಿ ಚಿಕಿತ್ಸೆ ರೂಪಿಸಿತು. ಕಲಬುರಗಿ ಜಿಲ್ಲೆಯ ರೋಗಿಗಳಿಗೂ ಅದನ್ನು ಕಲಿಸಿದರು.

ಮನೇಲಿ ಮೊದಲ ಕೆಲಸ: ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದಿ ಪೂರ್ತಿ ಒರೆಸಿ. ಅಲ್ಲಿನ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೋದ್ರೆ ಚಳಿಜ್ವರ. ಜ್ವರ ಮರುಕಳಿಸಿದಷ್ಟೂ ಊತ ಹೆಚ್ಚುತ್ತೆ. ಕಾಲು ಕೆಂಪಾಗಿ ಜ್ವರ ಬಂದ್ರೆ ನೀವೋದು, ಬಿಗಿಯೋದು ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಬ್ಯಾಂಡೇಜ್ ಕಟ್ಟೋದನ್ನು ತರಬೇತಿ ಆದವರಿಂದಲೇ ಕಲಿಯಿರಿ.

ಸೀರೆಯಂಚಲ್ಲಿ ಕಾಲು ಮುಚ್ಚಿಕೊಂಡು ಮದುವೆಮನೆ ತಪ್ಪಿಸೋ ಅಜ್ಜಿ ನಿಮ್ಮ ಬೀದೀಲೂ ಇರಬಹುದು. ಫೋನು ಅವರ ಪಕ್ಕ ಇಟ್ಟು ಇದನ್ನು ಕೇಳಿಸಿ.