ದೆಹಲಿ ಚಳಿಯಲ್ಲಿ ವೀಳ್ಯದೆಲೆ: ಗೋಡೆಗೆ ಆತುಕೊಂಡ ಒಂದು ಹಸಿರುಮನೆ

ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಇರೋದು ಗುರುಗ್ರಾಮದಲ್ಲಿ. ತೋಟಗಾರಿಕೆ ಓದಿದವನಲ್ಲ. ನಮ್ಮ ತಾರಸಿ ಮೇಲಿನ ಕೋಣೆ, ಇಲ್ಲಿನವರು ಬರ್ಸಾತಿ ಅಂತಾರೆ, ಅದರ ಗೋಡೆಗೆ ಸೇರಿಸಿ ಒಂದು ಪುಟ್ಟ ಹಸಿರುಮನೆ ಕಟ್ಟಿದ್ದೀವಿ. ಅದನ್ನ ಕಟ್ಟಿದ್ದಕ್ಕಿಂತ ಬೆಚ್ಚಗಿಡೋದು ಹೇಗೆ ಅನ್ನೋದೇ ಇವತ್ತಿನ ಮಾತು.

ಇದಕ್ಕೆಲ್ಲ ಕಾರಣ ಒಂದು ಬಳ್ಳಿ. ಅಮ್ಮ ಮೈಸೂರಿಂದ ನಮ್ಮ ಜೊತೆ ಇರೋಕೆ ಬಂದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ವೀಳ್ಯದೆಲೆ ಬಳ್ಳಿಯ ತುಂಡು ತಂದಿದ್ದರು. ಊಟ ಆದ ಮೇಲೆ ಅವರಿಗೆ ಎರಡು ಎಲೆ ಬೇಕು. ಇಲ್ಲಿನ ಪಾನ್ ಅಂಗಡಿಯ ಎಲೆ ಹಿಡಿಸಲ್ಲ. ಮೊದಲ ಚಳಿಗಾಲ ಕುಂಡವನ್ನ ಕೋಣೆಯೊಳಗೆ ಇಟ್ಟು ಉಳಿಸಿಕೊಂಡ್ವಿ. ಎರಡನೇ ವರ್ಷಕ್ಕೆ ಬಳ್ಳಿ ಬಾಗಿಲಿಗಿಂತ ಎತ್ತರ ಬೆಳೆದಿತ್ತು.

ಬೆಂಗಳೂರಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರಲ್ಲಿ. ದೆಹಲಿಯ ಸಫ್ದರ್‌ಜಂಗ್‌ನಲ್ಲಿ 2021ರ ಜನವರಿ 1ರಂದು 1.1 ಡಿಗ್ರಿ ಇತ್ತು. ವೀಳ್ಯದೆಲೆಗೆ 10ರ ಕೆಳಗೆ ಹೋದರೇ ಕಷ್ಟ, ಎಲೆ ಉದುರೋಕೆ ಶುರುವಾಗುತ್ತೆ. ಹಾಗಂತ ಉತ್ತರದಲ್ಲಿ ಬೆಳೆಯೋದೇ ಇಲ್ಲ ಅಂತಲ್ಲ. ಬುಂದೇಲ್‌ಖಂಡದ ಮಹೋಬಾದಲ್ಲಿ ಬಿದಿರು, ಹುಲ್ಲಿನ ಮುಚ್ಚಿದ ಚಪ್ಪರದೊಳಗೆ ಬೆಳೀತಾರೆ. ಅದಕ್ಕೆ ಬರೇಜಾ ಅಂತ ಹೆಸರು. ನಮ್ಮದು ಅದೇ ಉಪಾಯ, ಬಿದಿರಿನ ಬದಲು ಪಾಲಿಕಾರ್ಬೊನೇಟ್.

ಅಳತೆ: 10 ಅಡಿ ಉದ್ದ, 4 ಅಡಿ ಅಗಲ. ಕಬ್ಬಿಣದ ಚೌಕಟ್ಟು, 6 ಮಿಲಿಮೀಟರ್‌ನ ಎರಡು ಪದರದ ಶೀಟ್. ಬಾಗಿಲು ಕೋಣೆಯೊಳಗಿಂದ. ಮುಖ ದಕ್ಷಿಣಕ್ಕೆ. ಇದು ಮುಖ್ಯ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ಸುಮಾರು 38 ಡಿಗ್ರಿ ಎತ್ತರದಲ್ಲಷ್ಟೇ ಇರ್ತಾನೆ, ಹಾಗಾಗಿ ಬಿಸಿಲು ನೇರವಾಗಿ ಒಳಗಿನ ಗೋಡೆಗೆ ಬೀಳುತ್ತೆ.

ಇನ್ನು ಲೆಕ್ಕ. ಹೊರಗೆ 4, ಒಳಗೆ 10 ಇರಬೇಕು ಅಂದ್ರೆ ವ್ಯತ್ಯಾಸ 6 ಡಿಗ್ರಿ. ನಮ್ಮ ಶೀಟ್‌ನ ಒಟ್ಟು ವಿಸ್ತೀರ್ಣ ಸುಮಾರು 14 ಚದರ ಮೀಟರ್. ಅದರಿಂದ ಸೋರಿ ಹೋಗೋ ಶಾಖ ಸುಮಾರು 300 ವ್ಯಾಟ್, ಹನ್ನೆರಡು ಗಂಟೆಗೆ ಮೂರೂವರೆ ಯೂನಿಟ್. ಒಂದೇ ಪದರದ ಪ್ಲಾಸ್ಟಿಕ್ ಹಾಳೆ ಆಗಿದ್ದರೆ 6 ಯೂನಿಟ್ ಹತ್ತಿರ ಹೋಗ್ತಿತ್ತು. ಸಂದಿಗಳಿಂದ ಗಾಳಿ ನುಗ್ಗಿದರೆ ಈ ಲೆಕ್ಕವೆಲ್ಲ ಸುಳ್ಳು. ಅದಕ್ಕೆ ಹೀಟರ್‌ಗಿಂತ ಮೊದಲು ಸಿಲಿಕಾನ್ ಸೀಲೆಂಟ್ ತಗೊಳ್ಳಿ.

ಈ ಮೂರೂವರೆ ಯೂನಿಟ್ ಎಲ್ಲಿಂದ ತರೋದು? ಗೋಡೆಯಿಂದ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಸುಮಾರು ಎರಡೂವರೆ ಟನ್ ತೂಕ. ಅದು ಒಂದು ಡಿಗ್ರಿ ತಣ್ಣಗಾದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಶಾಖ ಬಿಡುತ್ತೆ. ಬಿಳಿ ಡಿಸ್ಟೆಂಪರ್ ಇದ್ದ ಗೋಡೆಗೆ ಕಪ್ಪು ಬಣ್ಣ ಹೊಡೆಸಿದ್ವಿ. ಅಮ್ಮಂಗೆ ಅದು ಒಂಚೂರೂ ಇಷ್ಟ ಆಗಲಿಲ್ಲ, "ಮನೆ ಗೋಡೆಗೆ ಯಾರಾದ್ರೂ ಕಪ್ಪು ಬಳೀತಾರೇನೋ?" ಅಂದರು. ಅದರ ಬುಡದಲ್ಲಿ 20 ಲೀಟರಿನ ಹತ್ತು ನೀರಿನ ಕ್ಯಾನ್, ಅವಕ್ಕೂ ಕಪ್ಪು. 200 ಲೀಟರ್ ನೀರು 5 ಡಿಗ್ರಿ ಇಳಿದರೆ ಒಂದು ಯೂನಿಟ್‌ಗಿಂತ ಜಾಸ್ತಿ ಸಿಗುತ್ತೆ. ಒಂದೇ ಸಾಲು, ಗೋಡೆಗೆ ಅಂಟಿಸಿ, ಕೆಳಗೆ ಬೀಮ್ ಇರೋ ಕಡೆ. ತಾರಸಿ ಮಧ್ಯೆ ಡ್ರಮ್ಮುಗಳನ್ನ ಪೇರಿಸಬೇಡಿ, ಸ್ಲ್ಯಾಬ್‌ಗೆ ಅದು ದೊಡ್ಡ ಭಾರ.

ಲಡಾಖ್‌ನಲ್ಲಿ ಮನೆಯ ದಕ್ಷಿಣಕ್ಕೆ ಹೀಗೇ ಹಸಿರುಮನೆ ಸೇರಿಸಿ, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಸೊಪ್ಪು ಬೆಳೀತಾರೆ. ಫೇ ಹಳ್ಳಿ ಹತ್ತಿರದ ಸೆಕ್‌ಮೋಲ್ ಕ್ಯಾಂಪಸ್ ಬಿಸಿಲಿಂದಲೇ ಬೆಚ್ಚಗಿರುತ್ತೆ. ಆ ವಿಡಿಯೋಗಳನ್ನ ನೋಡಿ "ಅಲ್ಲೇ ಆಗುತ್ತೆ, ದೆಹಲಿ ಯಾವ ಲೆಕ್ಕ" ಅನ್ನೋರು ಬಹಳ ಜನ. ಅಲ್ಲಿ ಆಕಾಶ ಶುಭ್ರ. ಇಲ್ಲಿ ಜನವರಿಯಲ್ಲಿ ಮೂರು, ನಾಲ್ಕು ದಿನ ಮಂಜಿನಲ್ಲಿ ಸೂರ್ಯನೇ ಕಾಣಲ್ಲ. ಗೋಡೆಗೆ ಶಾಖ ತುಂಬೋದೇ ಇಲ್ಲ. ದೆಹಲಿಯ ಕಷ್ಟ ಚಳಿ ಅಲ್ಲ, ಮಂಜು.

ಆ ದಿನಗಳಿಗೆ ಏನಾದರೂ ಹೀಟರ್ ಬೇಕೇ ಬೇಕು. ಚೌಕಟ್ಟು ಮಾಡಿಕೊಟ್ಟ ಮಿಸ್ತ್ರಿ ಹೇಳಿದ್ದು: "ಭೈಯಾ, ರಾತ್ರಿ ಒಂದು ಅಂಗೀಠಿ ಇಟ್ಟುಬಿಡಿ." ಅಂಗೀಠಿ ಅಂದ್ರೆ ಇದ್ದಿಲ ಒಲೆ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿಸಿಕೊಳ್ಳಿ. ಮನೆಗೆ ಅಂಟಿದ ಹಸಿರುಮನೆಯ ಗಾಳಿ ಮನೆಯದ್ದೇ ಗಾಳಿ. ನಮ್ಮ ಬಾಗಿಲಿನ ಆ ಕಡೆ ಅಮ್ಮ ಮಲಗ್ತಾರೆ. ನಾವೇ ಪ್ರತಿ ಸಂದಿಯನ್ನೂ ಸೀಲ್ ಮಾಡಿದ್ದೀವಿ. ಅಲ್ಲಿ ಕೆಂಡ ಇಟ್ಟರೆ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನೋ ಸುದ್ದಿ ಇಲ್ಲಿ ಚಳಿಗಾಲ ಬಂದರೆ ಪೇಪರಲ್ಲಿ ಬರುತ್ತೆ. ಇದ್ದಿಲು, ಸೀಮೆಎಣ್ಣೆ, ಗ್ಯಾಸ್ ಯಾವುದೂ ಬೇಡ.

ನಾವು ಇಟ್ಟಿರೋದು ಎಣ್ಣೆ ತುಂಬಿದ ಕರೆಂಟ್ ರೇಡಿಯೇಟರ್. ಒಂದು ಇಎಸ್‌ಪಿ32 ಬೋರ್ಡು, ಒಂದು ಸೆನ್ಸರ್, ಒಂದು ರಿಲೇ. 10ಕ್ಕೆ ಇಳಿದರೆ ಆನ್, 12ಕ್ಕೆ ಆಫ್. ಒಳಗೆ ತೇವ ಇರೋದರಿಂದ ಸಾಕೆಟ್ ಕೋಣೆಯ ಒಳಗಡೆಯೇ ಇದೆ, ಅರ್ತ್ ಲೀಕೇಜ್ ಬ್ರೇಕರ್ ಜೊತೆ. ಮಂಜಿನ ರಾತ್ರಿಗೆ ನಾಲ್ಕು ಯೂನಿಟ್ ಅಂತ ಇಟ್ಟುಕೊಂಡರೂ ಇಪ್ಪತ್ತು ರಾತ್ರಿಗೆ 80 ಯೂನಿಟ್, ಐನೂರು ಆರುನೂರು ರೂಪಾಯಿ. ಇಷ್ಟಕ್ಕೆ ಯಾಕೆ ಕೆಂಡ?

ಬಿಸಿಲು ಬಂದ ದಿನ ಮಧ್ಯಾಹ್ನ ಮೇಲಿನ ಕಿಂಡಿ ತೆಗೀಬೇಕು, ಇಲ್ಲದಿದ್ದರೆ ಹನಿಗಟ್ಟಿ ಎಲೆ ಕೊಳೆಯುತ್ತೆ, ಗೋಡೆಗೂ ಬೂಷ್ಟು. ಶೀಟುಗಳನ್ನ ಬೋಲ್ಟ್ ಹಾಕಿ ಕೂರಿಸಿ. ಮಾರ್ಚ್ ಮಧ್ಯಕ್ಕೆ ಬಿಚ್ಚಿ ಹಸಿರು ಬಲೆ ಕಟ್ಟಬೇಕು. ಮೇ ತಿಂಗಳ ದೆಹಲಿಯಲ್ಲಿ ಅದೇ ಡಬ್ಬಿ ಒಲೆ ಆಗುತ್ತೆ.

ಬಾಲ್ಕನಿಯಲ್ಲಿ ಮಾಡಬಹುದಾ ಅಂತ ಮೊದಲೇ ಇಬ್ಬರು ಕೇಳಿದ್ದೀರಿ. ದಕ್ಷಿಣದ ಬಾಲ್ಕನಿ ಆದರೆ ಆಗುತ್ತೆ, ಆದರೆ ನೀರಿನ ಕ್ಯಾನ್ ನಾಲ್ಕಕ್ಕೇ ನಿಲ್ಲಿಸಿ, ಸೊಸೈಟಿಯವರ ಅನುಮತಿ ಬರಹದಲ್ಲಿ ತಗೊಳ್ಳಿ. ಉತ್ತರದ ಬಾಲ್ಕನಿಯವರು ಇದರ ತಂಟೆಗೆ ಹೋಗಬೇಡಿ. ಕುಂಡವನ್ನ ಎರಡು ತಿಂಗಳು ಮನೆಯೊಳಗೆ ತಗೊಳ್ಳಿ, ಸಾಕು. ಬೇರೆ ಪ್ರಶ್ನೆ ಇದ್ದರೆ ಈಗ ಕೇಳಿ.