ಓದುವ ಹೆಣ್ಣಿಗೆ ತೆರೆದ ಬಾಗಿಲು

(ಮೈಲಾರ ಸೀಮೆಯ ಮಸೀದಿಯೊಂದರಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)



ಒಮ್ಮೆ ಮಹಿಳೆಯರು ಪ್ರವಾದಿವರ್ಯರ(ಸ) ಬಳಿ ಬಂದು, ತಮ್ಮ ಕಲಿಕೆಗಾಗಿಯೇ ಒಂದು ದಿನವನ್ನು ಗೊತ್ತುಮಾಡಬೇಕೆಂದು ಕೇಳಿಕೊಂಡರು. ಪ್ರವಾದಿವರ್ಯರು(ಸ) ದಿನ ಗೊತ್ತುಮಾಡಿ ಅವರಿಗೆ ಬೋಧಿಸಿದರು. ಬುಖಾರಿಯಲ್ಲಿ ಈ ಹದೀಸ್ ಇದೆ. ಕಲಿಯಬೇಕೆಂದ ಹೆಣ್ಣಿಗೆ ದಾರಿ ಮಾಡಿಕೊಡುವುದು ಸುನ್ನತ್ ಎಂಬುದನ್ನು ಮರೆಯಬೇಡಿ.

ಈ ಸುನ್ನತ್ ನೆನಪಾಗುವಂಥ ಒಂದು ಘಟನೆ ನಮ್ಮ ದೇಶದ ಚರಿತ್ರೆಯಲ್ಲಿದೆ. 1848ರಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯವರ ಮೇಲೆ ಜನ ಕಲ್ಲು, ಸಗಣಿ ಎಸೆದರು. ಸಮಾಜದ ಒತ್ತಡಕ್ಕೆ ಮಣಿದ ಮಾವ, ಮಗ ಸೊಸೆಯನ್ನು ಮನೆಯಿಂದ ಹೊರಗೆ ಕಳಿಸಿದರು. ಆಗ ಅವರಿಗೆ ಆಸರೆ ಕೊಟ್ಟದ್ದು ಉಸ್ಮಾನ್ ಶೇಖ್ ಅವರ ಮನೆ. ಆ ಮನೆಯ ಫಾತಿಮಾ ಶೇಖ್ ಶಾಲೆಯ ಕೆಲಸಕ್ಕೆ ಹೆಗಲು ಕೊಟ್ಟರು.

1856ರ ಅಕ್ಟೋಬರ್‌ನಲ್ಲಿ ಸಾವಿತ್ರಿಬಾಯಿ ಕಾಯಿಲೆಯಿಂದ ತವರಿನಲ್ಲಿದ್ದರು. ಅಲ್ಲಿಂದ ಪತಿಗೆ ಬರೆದ ಪತ್ರದಲ್ಲಿ, ತಾನಿಲ್ಲದೆ ಫಾತಿಮಾಗೆ ಕೆಲಸ ಹೆಚ್ಚಾಗಿರಬೇಕು, ಆದರೂ ಆಕೆ ಗೊಣಗುವವಳಲ್ಲ ಎಂಬ ಭಾವ ವ್ಯಕ್ತಪಡಿಸಿದ್ದಾರೆ. ಜೊತೆಗೆ ದುಡಿದವರೇ ಕೊಟ್ಟ ಸಾಕ್ಷಿ ಇದು. ಧರ್ಮ ಬೇರೆ, ಜಾತಿ ಬೇರೆ. ಇಬ್ಬರನ್ನೂ ಒಂದು ಮಾಡಿದ್ದು ಹೆಣ್ಣುಮಕ್ಕಳ ಅಕ್ಷರ.

ಸಹೋದರರೇ, ಈಗ ನಮ್ಮ ಮನೆಗಳತ್ತ ನೋಡೋಣ. ಹತ್ತನೆಯ ತರಗತಿ ಪಾಸಾದ ಮಗಳು ಮುಂದೆ ಓದುತ್ತೇನೆ ಎನ್ನುತ್ತಾಳೆ. ಕಾಲೇಜು ದೂರ, ಬಸ್ಸು ಸರಿಯಿಲ್ಲ, ಜನ ಏನಂದಾರು ಎಂದು ನಾವು ಮಾತು ಮುಗಿಸಿಬಿಡುತ್ತೇವೆ. ಮಗ ಓದಲು ಹೋಗುವುದೂ ಅದೇ ದಾರಿಯಲ್ಲಿ, ಅದೇ ಬಸ್ಸಿನಲ್ಲಲ್ಲವೇ? ಅವನಿಗೆ ಹತ್ತಿರವಾದ ಊರು ಅವಳಿಗೆ ಮಾತ್ರ ದೂರವಾದದ್ದು ಹೇಗೆ? ನಾಳೆ ಅಲ್ಲಾಹನ ಮುಂದೆ ಇದಕ್ಕೆ ಉತ್ತರ ಕೊಡಬೇಕಾದವರು ನಾವು, ಆ ಜನರಲ್ಲ.

ಅವಳ ಸುರಕ್ಷತೆಯ ಚಿಂತೆ ಸಹಜ. ಅದಕ್ಕೆ ಉಪಾಯ ಹುಡುಕೋಣ. ಒಂದೇ ಓಣಿಯ ನಾಲ್ಕು ಹುಡುಗಿಯರು ಜೊತೆಯಾಗಿ ಹೋಗಿಬರಲಿ. ಹಡಗಲಿಯಲ್ಲಿ, ಹರಪನಹಳ್ಳಿಯಲ್ಲಿ ಮನೆಯಿರುವವರು ಬಂಧುಗಳ ಮಗಳೊಬ್ಬಳಿಗೆ ಜಾಗ ಕೊಡಲಿ. ಉಳ್ಳವರು ಒಂದು ಮಗುವಿನ ಫೀಸು ಕಟ್ಟಲಿ. ಉಸ್ಮಾನ್ ಶೇಖ್ ಅವರ ಮನೆ ಬಾಗಿಲು ತೆರೆದದ್ದು ಪರರ ಮಗಳಿಗೆ. ನಮ್ಮ ಬಾಗಿಲು ಸ್ವಂತ ಮಗಳಿಗಾದರೂ ತೆರೆಯಲಿ.

ಅಲ್ಲಾಹನು ನಮ್ಮ ಹೆಣ್ಣುಮಕ್ಕಳ ಜ್ಞಾನವನ್ನು ಹೆಚ್ಚಿಸಲಿ, ಅವರ ದಾರಿಗೆ ಅಡ್ಡಬರದಂತೆ ನಮ್ಮನ್ನು ಕಾಪಾಡಲಿ. ಆಮೀನ್.