ಪೇಟೆ ಬೀದಿಗಳಲ್ಲಿ ಬೆಂಗಳೂರಿನ ಚರಿತ್ರೆ



ಬೆಂಗಳೂರಿನ ಚರಿತ್ರೆ ತಿಳಿಯಬೇಕೆನ್ನುವವರು ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದಿಂದ ಹೆಜ್ಜೆ ಹಾಕಬೇಕು. 1537ರಲ್ಲಿ ನಾಡಪ್ರಭು ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದರೆಂಬುದು ಐತಿಹ್ಯ. ಅಂದಿನ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ.

ಸುತ್ತ ಮಣ್ಣಿನ ಕೋಟೆ, ಕಂದಕ. ಒಳಗೆ ಕಸುಬಿಗೊಂದು ಕೇರಿ. ಅಕ್ಕಿಪೇಟೆ, ರಾಗಿಪೇಟೆಗಳಲ್ಲಿ ಧಾನ್ಯ, ಅರಳೆಪೇಟೆಯಲ್ಲಿ ಹತ್ತಿ, ಕುಂಬಾರಪೇಟೆಯಲ್ಲಿ ಮಡಕೆ, ಗಾಣಿಗರಪೇಟೆಯಲ್ಲಿ ಎಣ್ಣೆ. ಆಳುವವರು ಬದಲಾದರು, ವ್ಯಾಪಾರ ನಿಲ್ಲಲಿಲ್ಲ. 17ನೇ ಶತಮಾನದ ಕೊನೆಗೆ ಊರು ಮೊಗಲರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತು. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆ ಪೇಟೆಯನ್ನು ಹಿಡಿಯಿತು. ಎರಡು ವಾರಗಳಲ್ಲಿ ಪೇಟೆಯ ದಕ್ಷಿಣಕ್ಕಿದ್ದ ಕಲ್ಲಿನ ಕೋಟೆಯೂ ಬಿತ್ತು. ಮುಂದೆ ಪೇಟೆಯ ಗೋಡೆ ಅಳಿಯಿತು. ಅದರ ಬಾಗಿಲಾಗಿದ್ದ ಹಲಸೂರು ಗೇಟ್‌ನ ಹೆಸರು ಮಾತ್ರ ಅಲ್ಲೇ ಉಳಿದಿದೆ.

ಈ ಬೀದಿಗಳ ಜೀವ ಕಾಣುವುದು ಚೈತ್ರ ಪೂರ್ಣಿಮೆಯ ರಾತ್ರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ದ್ರೌಪದಿಯ ಕರಗ ಹೊರಡುತ್ತದೆ. ಮಲ್ಲಿಗೆ ಹೊದ್ದ ಕರಗವನ್ನು ತಲೆಯ ಮೇಲೆ ಹೊತ್ತ ತಿಗಳ ಸಮುದಾಯದ ಪೂಜಾರಿ, ಕತ್ತಿ ಹಿಡಿದ ವೀರಕುಮಾರರ ನಡುವೆ ಬೆಳಗಿನ ತನಕ ಪೇಟೆಗಳನ್ನು ಸುತ್ತುತ್ತಾರೆ. ಗುಡಿಗುಡಿಯಲ್ಲಿ ಪೂಜೆ ಪಡೆಯುವ ಕರಗ ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಬೇರೆ ಬೇರೆ ಕುಲ, ಕಸುಬು, ನಂಬಿಕೆಯವರು ಒಂದೇ ಊರಾಗಿ ಬಾಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹೊರ ಊರುಗಳಿಂದ ಪೇಟೆಗೆ ಬಟ್ಟೆ, ರೇಷ್ಮೆ ಕೊಳ್ಳಲು ಬಂದವರಿಗೆ ಊಟ ತಿಂಡಿ ಬೇಕಿತ್ತು. 20ನೇ ಶತಮಾನದಲ್ಲಿ ಆ ಹಸಿವಿಗೆ ಒದಗಿದ್ದು ಉಡುಪಿ ಹೋಟೆಲುಗಳು. ಬಳೇಪೇಟೆಯಲ್ಲಿ 1926ರಿಂದ ನಡೆದುಬಂದ ಉಡುಪಿ ಶ್ರೀಕೃಷ್ಣ ಭವನದ ಸಾಗು ಮಸಾಲೆ ದೋಸೆ ಹೆಸರುವಾಸಿ. ಅದೇ ಬಳೇಪೇಟೆಯಲ್ಲಿ ವೀಣೆ, ತಬಲಾ ಮಾರುವ ಅಂಗಡಿಗಳಿವೆ. ಮಾರವಾಡಿ ವರ್ತಕರು ನೆಲೆಸಿದ ಗಲ್ಲಿಗಳಲ್ಲಿ ಕಚೋರಿ, ಜಿಲೇಬಿಯ ಘಮ. ಯಾರು ಬಂದು ನೆಲೆಸಿದರೆಂಬುದನ್ನು ಇಲ್ಲಿನ ರುಚಿಗಳೇ ಹೇಳುತ್ತವೆ.

ಇವೆಲ್ಲ ಕಾರಿನ ಕಿಟಕಿಯಿಂದ ಕಾಣುವಂಥವಲ್ಲ. ನಡೆಯುವವರಿಗಾಗಿ, ಎತ್ತಿನ ಗಾಡಿಗಾಗಿ ಹುಟ್ಟಿದ ಬೀದಿಗಳಿವು. ಹಳೆಯ ಮರಗಂಬದ ಮನೆಗಳು ಉರುಳುತ್ತಿರುವ ಈ ಹೊತ್ತಿನಲ್ಲಿ ಅವುಗಳ ಮೇಲೆ ನಮಗೆಲ್ಲ ಅಕ್ಕರೆ ಹುಟ್ಟಬೇಕು. ನೋಡದೆ ಅಕ್ಕರೆ ಹುಟ್ಟದು. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ. ಮಕ್ಕಳ ಕೈ ಹಿಡಿದು ನಿಧಾನವಾಗಿ ನಡೆಯಿರಿ. ಹಳೆಯ ಅಂಗಡಿಯಲ್ಲಿ ಏನಾದರೂ ಕೊಳ್ಳಿ, ಅದರ ಕಥೆ ಕೇಳಿ, ಹೊಟ್ಟೆ ತುಂಬ ತಿಂದು ಬನ್ನಿ.